ಮೂಳೆ ಬೆಳೆದಾಯಿತು, ಮುಂದೆ?

ಅಪಘಾತದಲ್ಲಿ ಗಿಡ್ಡವಾಗಿದ್ದ ತಮ್ಮನ ಕಾಲು ಈಗ ಇನ್ನೊಂದಕ್ಕೆ ಸರಿಸಮ. ಕಾಲಿನ ಸುತ್ತ ಉಂಗುರಗಳ ಚೌಕಟ್ಟು ತೊಡಿಸಿ, ಅದರ ತಂತಿಗಳನ್ನು ಮೂಳೆಯ ಮೂಲಕ ಹಾಯಿಸಿ, ಕತ್ತರಿಸಿದ ಮೂಳೆಯನ್ನು ನಿಧಾನವಾಗಿ ಎಳೆದು ಉದ್ದ ಮಾಡಿದ್ದು. ನೋಡಲು ಬಂದವರದೆಲ್ಲ ಒಂದೇ ಪ್ರಶ್ನೆ: "ಮತ್ತೆ ಕಬಡ್ಡಿ ಯಾವಾಗ?"

ಮೂಳೆಯನ್ನೇನೋ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ, ಅದನ್ನೂ ನಾಲ್ಕು ಕಂತುಗಳಲ್ಲಿ ಚೌಕಟ್ಟಿನ ತಿರುಪು ತಿರುಗಿಸಿ ಬೆಳೆಸಬಹುದು. ಸ್ನಾಯುಗಳು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಮೀನಖಂಡ ಬಿಗಿದುಕೊಂಡು ಹಿಮ್ಮಡಿ ನೆಲಕ್ಕೆ ಊರುವುದೇ ಇಲ್ಲ. ಗೋಡೆಗೆ ಕೈಯೊತ್ತಿ, ಹಲ್ಲು ಕಚ್ಚಿ, ಅವನು ಆ ಹಿಮ್ಮಡಿಯನ್ನು ಕೆಳಗಿಳಿಸುವುದನ್ನು ನೋಡಿದವರು ಕಬಡ್ಡಿಯ ಮಾತೆತ್ತುವುದಿಲ್ಲ. (ಫಿಸಿಯೋಥೆರಪಿಯ ಹೊತ್ತಿಗೇ ಅವನಿಗೆ ನಿದ್ದೆ ಬರುವುದು ಬೇರೆ ವಿಷಯ.)

ಸೋವಿಯತ್ ಹೈಜಂಪ್ ಪಟು ವಲೇರಿ ಬ್ರುಮೆಲ್ ನೆನಪಾದ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ, ಮರುವರ್ಷವೇ ಮೋಟಾರ್‌ಸೈಕಲ್ ಅಪಘಾತ. ಹಲವು ಶಸ್ತ್ರಚಿಕಿತ್ಸೆಗಳು ಕೈಕೊಟ್ಟ ಮೇಲೆ, ಈ ಉಂಗುರದ ಚೌಕಟ್ಟನ್ನು ರೂಪಿಸಿದ ಸೋವಿಯತ್ ವೈದ್ಯ ಇಲಿಜರೋವ್ ಅವರೇ ರಷ್ಯಾದ ಕುರ್ಗಾನ್ ನಗರದಲ್ಲಿ ಅವನ ಕಾಲನ್ನು ಸರಿಪಡಿಸಿದರು. ಬ್ರುಮೆಲ್ ಮತ್ತೆ 2 ಮೀಟರಿಗಿಂತ ಎತ್ತರಕ್ಕೆ ಜಿಗಿದ. ತನ್ನದೇ 2.28 ಮೀಟರಿನ ದಾಖಲೆಯನ್ನು ಮಾತ್ರ ಮುಟ್ಟಲಿಲ್ಲ. ಅದನ್ನು ಸೋಲೆನ್ನಲು ನನಗಂತೂ ಬಾಯಿ ಬರುವುದಿಲ್ಲ.

ಹುರುಪಿನಿಂದ ತಮ್ಮನಿಗೆ ಇಷ್ಟನ್ನೂ ಹೇಳಿದರೆ ಅವನು ಕೇಳಿದ್ದು: "ತಂತಿ ಹಾದ ಜಾಗದಲ್ಲಿ ಅವನಿಗೂ ಹೀಗೆಯೇ ತುರಿಕೆ ಇತ್ತೇನಣ್ಣ?"