ಯಾರನ್ನ ತಗೊಳ್ಳಲಿ?

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆಗೆ ಭಾನುವಾರ ಬಂದವರಲ್ಲಿ ಈ ಪ್ರಶ್ನೆ ಕೇಳದೆ ಹೋದವರಿಲ್ಲ. ಚಹಾ, ಅವಲಕ್ಕಿ ಮುಗಿಯುತ್ತದೆ. ಟೀಪಾಯಿಯನ್ನು ಗೋಡೆಗೆ ಸರಿಸಿ ಚಾಪೆ ಹಾಸುತ್ತೇವೆ. ನಾಲ್ಕು ಜನ ಟಿವಿಗೆ ಮುಖ ಮಾಡಿ ಕೂತ ಮೇಲೆ ಕೈಗೊಂದು ಕಂಟ್ರೋಲರ್ ಬರುತ್ತದೆ. ಪರದೆ ತುಂಬ ಮುಖಗಳು. ಮಾರಿಯೋ ಇದ್ದಾನೆ, ಪಿಕಾಚು ಇದೆ, ಪ್ಯಾಕ್‌ಮ್ಯಾನ್ ಇದ್ದಾನೆ, ಕತ್ತಿ ಹಿಡಿದವರ ದೊಡ್ಡ ದಂಡೇ ಇದೆ, ಕುಂಡದಲ್ಲಿ ನೆಟ್ಟ ಒಂದು ಗಿಡವೂ ಹೊಡೆದಾಟಕ್ಕೆ ಸಿದ್ಧವಾಗಿ ನಿಂತಿದೆ. ಬಂದವರು ಒಮ್ಮೆ ಪರದೆ ನೋಡುತ್ತಾರೆ, ಒಮ್ಮೆ ನನ್ನ ಮುಖ ನೋಡುತ್ತಾರೆ.

"ಯಾರನ್ನ ತಗೊಳ್ಳಲಿ?"

ಆಟ ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್. ನಿಂಟೆಂಡೊ ಸ್ವಿಚ್ ಎಂಬ ಗೇಮ್ ಯಂತ್ರಕ್ಕೆ 2018ರ ಡಿಸೆಂಬರ್‌ನಲ್ಲಿ ಬಂದದ್ದು. ಬೇರೆ ಬೇರೆ ಆಟಗಳ ನಾಯಕರು, ಖಳರು, ಪ್ರಾಣಿಗಳು ಎಲ್ಲರನ್ನೂ ಒಂದೇ ಅಂಕಣಕ್ಕೆ ಇಳಿಸಿ ಹೊಡೆದಾಡಿಸುತ್ತದೆ. ಕೊನೆಯ ಪಾತ್ರ 2021ರ ಅಕ್ಟೋಬರ್‌ನಲ್ಲಿ ಸೇರುವಷ್ಟರಲ್ಲಿ ತಲೆ ಎಣಿಕೆ 89 ಆಗಿತ್ತು. ಇಷ್ಟೊಂದು ಜನರಲ್ಲಿ ಒಬ್ಬರನ್ನು ಆರಿಸು ಅಂದರೆ ಹೊಸಬರಿಗೆ ತಲೆ ಕೆಡದೆ ಇನ್ನೇನಾಗುತ್ತದೆ?

ನನ್ನ ಉತ್ತರ ಇಷ್ಟು ವರ್ಷ ಒಂದೇ. ಕರ್ಬಿ. ಅಗೋ, ಆ ಗುಲಾಬಿ ಉಂಡೆ.

ಕೇಳಿದವರಿಗೆ ಇದು ಇಷ್ಟವಾಗುವುದಿಲ್ಲ. ನಮ್ಮ ಆಫೀಸಿನ ಹುಬ್ಬಳ್ಳಿಯವರೊಬ್ಬರು, ಆರಡಿ ಆಳು, ದಪ್ಪ ಮೀಸೆ, ಮುಖ ಸಣ್ಣದು ಮಾಡಿಕೊಂಡು "ಅಲ್ರೀ ಅಕ್ಕಾರ, ನನ್ನ ನೋಡಿದ್ರ ಹಂಗ ಕಾಣಸ್ತದೇನು?" ಅಂದರು. ಅವರೇ ಹುಡುಕಿ ಲಿಟಲ್ ಮ್ಯಾಕ್‌ನನ್ನು ಹಿಡಿದರು. ಅವನೊಬ್ಬ ಬಾಕ್ಸರ್. ನೆಲದ ಮೇಲೆ ನಿಂತು ಗುದ್ದಿದರೆ ಎದುರಿನವನು ಗಾಳಿಪಟ. ಮೊದಲ ಅರ್ಧ ನಿಮಿಷ ಅವರು ನಮ್ಮ ಮೂವರನ್ನೂ ಚೆನ್ನಾಗಿ ಬಾರಿಸಿದರು. ಆಮೇಲೆ ನನ್ನ ತಮ್ಮನ ಮಗ ಅವರನ್ನು ಒಂದೇ ಒಂದು ಸಲ ಅಂಚಿನಿಂದ ಆಚೆ ತಳ್ಳಿದ. ಅಷ್ಟೇ. ಲಿಟಲ್ ಮ್ಯಾಕ್‌ಗೆ ಗಾಳಿಯಲ್ಲಿ ಏನೂ ಬಾರದು, ಕಲ್ಲಿನ ಹಾಗೆ ಕೆಳಗೆ ಹೋದ. ಎರಡನೇ ಜೀವ ಹಾಗೇ ಹೋಯಿತು, ಮೂರನೆಯದೂ ಹಾಗೇ. "ನಾನ ಭಾಳ ಹೊಡದೀನಿ, ನಾನ ಸೋತದ್ದ ಹೆಂಗ?" ಅಂತ ಅವರು ಕೇಳಿದ್ದು ಈಗಲೂ ನಮ್ಮ ಮನೆಯಲ್ಲಿ ಗಾದೆಯ ಹಾಗೆ ಓಡಾಡುತ್ತದೆ.

ಅವರು ಸೋತದ್ದು ಹೇಗೆ ಅನ್ನುವುದರಲ್ಲೇ ನನ್ನ ಉತ್ತರವೂ ಇದೆ. ಬೇರೆ ಹೊಡೆದಾಟದ ಆಟಗಳಲ್ಲಿ ಪರದೆಯ ಮೇಲ್ಗಡೆ ಒಂದು ಪಟ್ಟಿ ಇರುತ್ತದೆ. ಏಟು ತಿಂದಂತೆ ಅದು ಕರಗುತ್ತದೆ, ಖಾಲಿಯಾದರೆ ಆಳು ಮಲಗಿದ. ಇಲ್ಲಿ ಅಂಕಿ ಸೊನ್ನೆಯಿಂದ ಶುರುವಾಗಿ ಮೇಲೇರುತ್ತದೆ, 999 ಪರ್ಸೆಂಟ್ ತನಕ. ಬಿಳಿ ಇದ್ದದ್ದು ಹಳದಿಯಾಗಿ, ಕೆಂಪಾಗಿ, ಕಡುಗೆಂಪಾಗುತ್ತದೆ. ಆದರೆ ಎಷ್ಟೇ ಏರಲಿ, ಅಂಕಿ ಯಾರನ್ನೂ ಸಾಯಿಸುವುದಿಲ್ಲ. ಅದು ಏರಿದಷ್ಟೂ ಮುಂದಿನ ಏಟಿಗೆ ನೀವು ಹೆಚ್ಚು ದೂರ ಹಾರುತ್ತೀರಿ, ಅಷ್ಟೇ. 10 ಪರ್ಸೆಂಟ್ ಇದ್ದಾಗ ಒಂದು ಹೆಜ್ಜೆ ಹಿಂದಕ್ಕೆ ಸರಿಸಿದ ಗುದ್ದು 120 ಇದ್ದಾಗ ನಿಮ್ಮನ್ನು ಪರದೆಯಾಚೆ ಕಳಿಸುತ್ತದೆ. ಪರದೆಯ ಆಚೆ ಹೋದರೆ, ಇಲ್ಲವೇ ಕೆಳಗಿನ ಹೊಂಡಕ್ಕೆ ಬಿದ್ದರೆ ಒಂದು ಜೀವ ಹೋಯಿತು. ಹುಡುಗರ ಮಾತಿನಲ್ಲಿ ಒಂದು ಸ್ಟಾಕ್.

ಹಾಗಾಗಿ 150 ಪರ್ಸೆಂಟ್ ಏಟು ತಿಂದವನೂ ತಿರುಗಿ ಅಂಕಣಕ್ಕೆ ಬಂದರೆ ಬದುಕಿದ್ದಾನೆ. 20 ಪರ್ಸೆಂಟ್ ಇದ್ದವನು ಬರಲು ಗೊತ್ತಿಲ್ಲದೆ ಸಾಯುತ್ತಾನೆ. ಊರಿಂದ ಬಂದಿದ್ದ ನಮ್ಮಮ್ಮ ಇದನ್ನು ಎರಡು ಪಂದ್ಯ ನೋಡಿಯೇ ಹಿಡಿದಿದ್ದರು. "ಹೊಡೂದ್ ಎಲ್ಲರಿಗೂ ಬತ್ತ್. ತಿರ್ಗಿ ಬಪ್ದ್ ಹ್ಯಾಂಗೆ, ಅದನ್ ಹೇಳ್ ಕಾಂಬ." ಕುಂದಾಪುರದ ಅಮ್ಮನಿಗೆ ಗೊತ್ತಾದದ್ದು ಎಷ್ಟೋ ಜನ ಎಂಜಿನಿಯರ್‌ಗಳಿಗೆ ಹೇಳಿದರೂ ಗೊತ್ತಾಗುವುದಿಲ್ಲ.

ತಿರುಗಿ ಬರುವುದಕ್ಕೆ ಕೈಯಲ್ಲಿರುವುದು ಹೆಚ್ಚೇನಿಲ್ಲ. ಗಾಳಿಯಲ್ಲೇ ಇನ್ನೊಂದು ನೆಗೆತ. ಸ್ಟಿಕ್ ಮೇಲಕ್ಕೆ ಒತ್ತಿ ಬಿ ಬಟನ್ ಹೊಡೆದರೆ ಬರುವ ಮೇಲ್‌ಹಾರಿಕೆ. ಹತ್ತಿರ ಬಂದರೆ ತಾನಾಗಿ ಕೈಗೆ ಸಿಗುವ ಅಂಚು. ಹೊಸಬರು ಗಾಬರಿಯಲ್ಲಿ ಎಲ್ಲವನ್ನೂ ಮೊದಲ ಕ್ಷಣವೇ ಖರ್ಚು ಮಾಡಿಬಿಡುತ್ತಾರೆ. ಹಾರಿದ ಕೂಡಲೇ ನೆಗೆತ, ಅದರ ಹಿಂದೆಯೇ ಮೇಲ್‌ಹಾರಿಕೆ. ಅದಾದ ಮೇಲೆ ಹೆಚ್ಚಿನ ಪಾತ್ರಗಳಿಗೆ ನೆಲ ಮುಟ್ಟುವ ತನಕ ಕೈಕಾಲು ಆಡುವುದಿಲ್ಲ, ಹೊಂಡ ನೋಡುತ್ತಾ ಇಳಿಯಬೇಕು. ಮಾಡಬೇಕಾದದ್ದು ಏನೆಂದರೆ, ಮೊದಲು ಸ್ಟಿಕ್ಕನ್ನು ಅಂಕಣದ ಕಡೆ ಒತ್ತಿ ಹಿಡಿದು ತೇಲುತ್ತಾ ಬರುವುದು, ಇನ್ನು ತಡೆಯಲಾಗದು ಅನ್ನಿಸಿದಾಗ ನೆಗೆಯುವುದು, ಮೇಲ್‌ಹಾರಿಕೆಯನ್ನು ಕೊನೆಗೆ ಇಟ್ಟುಕೊಳ್ಳುವುದು. ಇದನ್ನು ಕಲಿಯಲು ನನಗೆ ಒಂದು ಮಳೆಗಾಲ ಹಿಡಿಯಿತು. ಕರ್ಬಿಗೆ ಗಾಳಿಯಲ್ಲಿ ಒಂದಲ್ಲ, ಐದು ನೆಗೆತ. ಎರಡು ಗಾಬರಿಯಲ್ಲಿ ಹೋದರೂ ಮೂರು ಉಳಿಯುತ್ತವೆ. ಬೇರೆ ಪಾತ್ರ ಹಿಡಿದ ಹೊಸಬ ಪಂದ್ಯದ ಮುಕ್ಕಾಲು ಪಾಲು ಸೋತು ಕೂತು ಬೇರೆಯವರ ಆಟ ನೋಡುತ್ತಾನೆ. ಕರ್ಬಿ ಹಿಡಿದವನು ಆಡುತ್ತಿರುತ್ತಾನೆ.

ಕರ್ಬಿ ಹಗುರ, ಭಾರದ ಬೌಸರ್‌ನಂಥವರು ತಡೆದುಕೊಳ್ಳುವ ಏಟಿಗೆ ಇವನು ಬೇಗ ಹಾರಿಹೋಗುತ್ತಾನೆ. ನಿಜ. ನಮ್ಮ ಚಾಪೆಯ ಮೇಲಿನ ಆಟದಲ್ಲಿ ಅದರಿಂದ ಸತ್ತವರಿಗಿಂತ ತಾವಾಗಿ ಹೊಂಡಕ್ಕೆ ಹಾರಿ ಸತ್ತವರೇ ಜಾಸ್ತಿ.

ಇದು ನನ್ನ ಕಂಡುಹಿಡಿತವೇನಲ್ಲ, ಆಟ ಮಾಡಿದವನ ಮನಸ್ಸೇ ಹಾಗಿದೆ. ಕರ್ಬಿಯನ್ನು ಹುಟ್ಟಿಸಿದ ಮಸಾಹಿರೊ ಸಕುರಾಯ್ ಅವರೇ ಸ್ಮ್ಯಾಶ್ ಸರಣಿಯನ್ನೂ ಹುಟ್ಟಿಸಿದ್ದು. ಕರ್ಬಿಯ ಮೊದಲ ಆಟ 1992ರಲ್ಲಿ ಗೇಮ್ ಬಾಯ್‌ಗೆ ಬಂತು, ಹೊಸಬರೂ ಮುಗಿಸುವಂತಿರಬೇಕು ಎಂದೇ ಮಾಡಿದ್ದು. ಆ ದುಂಡು ಆಕಾರ ಮೊದಲಿಗೆ ಕೆಲಸ ಸಾಗಲಿ ಎಂದು ತಾತ್ಕಾಲಿಕವಾಗಿ ಇಟ್ಟದ್ದಂತೆ, ಮಾಡುತ್ತಾ ಮಾಡುತ್ತಾ ಅದೇ ಮುದ್ದಾಗಿ ಉಳಿದುಕೊಂಡಿತು. ಸ್ಮ್ಯಾಶ್‌ನ ಮೊದಲ ಮಾದರಿಯನ್ನು ಎಚ್‌ಎಎಲ್ ಲ್ಯಾಬೊರೇಟರಿ ಎಂಬ ಜಪಾನಿನ ಗೇಮ್ ಕಂಪನಿಯಲ್ಲಿ ಸಕುರಾಯ್ ಮತ್ತು ಸಟೋರು ಇವಾಟಾ ಕೂಡಿ ಮಾಡಿದರು. ಕಲ್ಪನೆ ಸಕುರಾಯ್ ಅವರದು, ಪ್ರೋಗ್ರಾಮಿಂಗ್ ಇವಾಟಾ ಅವರದು, ಅದೂ ರಜೆಯ ದಿನಗಳ ಕೆಲಸ. ಇವಾಟಾ ಮುಂದೆ ನಿಂಟೆಂಡೊದ ಅಧ್ಯಕ್ಷರಾದರು, 2015ರಲ್ಲಿ ತೀರಿಕೊಂಡರು. ಆ ಮಾದರಿಯಲ್ಲಿ ಇದ್ದವರು ಹೆಸರು ದೆಸೆ ಇಲ್ಲದ ಗೊಂಬೆಗಳು. ಆಗಿನ ಗೇಮ್ ಯಂತ್ರ ನಿಂಟೆಂಡೊ 64ಕ್ಕೆ ನಾಲ್ಕು ಕಂಟ್ರೋಲರ್ ಸಿಕ್ಕಿಸಬಹುದಿತ್ತು, ನಾಲ್ಕು ಜನ ಒಟ್ಟಿಗೆ ಹೊಡೆದಾಡುವಂತಿರಲಿ ಎಂಬುದು ಮೊದಲಿಂದ ಇದ್ದ ಯೋಚನೆ. ಮಾರಿಯೋ, ಡಾಂಕಿ ಕಾಂಗ್ ಮುಂತಾದವರು ಬಂದದ್ದು ಆಮೇಲೆ. 1999ರ ಜನವರಿಯಲ್ಲಿ ಜಪಾನಿನಲ್ಲಿ ಬಿಡುಗಡೆಯಾದಾಗ ಪಾತ್ರಗಳು 12. ಅಲ್ಟಿಮೇಟ್‌ನ ಕಥೆಯ ಭಾಗದಲ್ಲಂತೂ ಬೆಳಕಿನ ಕಿರಣಗಳು ಎಲ್ಲರನ್ನೂ ನುಂಗಿಹಾಕುತ್ತವೆ, ಪಾರಾಗುವವನು ಕರ್ಬಿ ಒಬ್ಬನೇ. ಅಪ್ಪನಿಗೆ ಮಗನ ಮೇಲೆ ಪಕ್ಷಪಾತ ಅಂತ ಆಡುವವರು ತಮಾಷೆ ಮಾಡಿದ್ದುಂಟು.

ನಾವು ಸ್ವಿಚ್ ತಂದದ್ದು ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿನಿಂದ. ಮನೆಗೆ ತಂದು ಹಾಕಿದರೆ ಪರದೆಯಲ್ಲಿ ಎಂಟೇ ಜನ! ತಮ್ಮನ ಮಗ "ಅತ್ತೆ, ಅಂಗಡಿಯವ ಟೋಪಿ ಹಾಕಿದ" ಅಂತ ಅಳುವುದೊಂದು ಬಾಕಿ. ಅಂಗಡಿಯವನ ತಪ್ಪೇನೂ ಇರಲಿಲ್ಲ. ಶುರುವಿಗೆ 1999ರ ಆ ಹನ್ನೆರಡರಲ್ಲಿ ಎಂಟು ಮುಖಗಳಷ್ಟೇ ಇರುತ್ತವೆ, ಆಡುತ್ತಾ ಹೋದಂತೆ ಉಳಿದವರು ಒಬ್ಬೊಬ್ಬರಾಗಿ ಬಂದು ಸವಾಲು ಹಾಕುತ್ತಾರೆ. ಗೆದ್ದರೆ ನಮ್ಮವರಾಗುತ್ತಾರೆ. ಬಿಡುಗಡೆಯ ನಂತರ ಸೇರಿಸಿದವರಿಗೆ ಮಾತ್ರ ಬೇರೆ ದುಡ್ಡು. ಆ ಮೊದಲ ಎಂಟರಲ್ಲೂ ಕರ್ಬಿ ಇದ್ದಾನೆ, ನೋಡಿ.

ನನ್ನ ಮಾವ, ಅಂದರೆ ಅಮ್ಮನ ತಮ್ಮ, ಮಾಟುಂಗಾದ ಹೋಟೆಲಿನಲ್ಲಿ ಜೀವಮಾನ ಕಳೆದವರು. ಪತ್ತನಾಜೆಗೆ ತಿರುಗಾಟ ಮುಗಿಸಿ ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬಯಿಗೆ ಬಂದರೆ ಒಂದು ಆಟವನ್ನೂ ಬಿಡುವವರಲ್ಲ. ಅವರು ಸ್ಮ್ಯಾಶ್ ನೋಡಿ ಕೇಳಿದ್ದು ಬೇರೆ ಪ್ರಶ್ನೆ: "ಇದು ಜೋಡಾಟವಾ, ಕೂಡಾಟವಾ?" ಜೋಡಾಟದಲ್ಲಿ ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗಕ್ಕೆ ಪೈಪೋಟಿ. ಕೂಡಾಟದಲ್ಲಿ ಎರಡೂ ಮೇಳದವರು ಒಂದೇ ರಂಗಸ್ಥಳಕ್ಕೆ ಬರುತ್ತಾರೆ. ನಾನು ಕೂಡಾಟ ಅಂದೆ. ಅವರು ತಲೆದೂಗಿದರು, ಆಮೇಲೆ ಅರ್ಧ ಗಂಟೆ ಸುಮ್ಮನೆ ಕೂತು ನೋಡಿದರು. ಈ ಆಟದ ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಕೇಳಿಲ್ಲ.

ಯಾಕೆಂದರೆ ಕೂಡಾಟದ ಸ್ವಾರಸ್ಯ ಇರುವುದು ಪ್ರತಿಯೊಬ್ಬರೂ ತಮ್ಮ ತಿಟ್ಟನ್ನು, ಅಂದರೆ ತಮ್ಮ ಶೈಲಿಯನ್ನು, ಬಿಡದೆ ಬರುವುದರಲ್ಲಿ. ತೆಂಕಿನವನು ಧೀಂಗಿಣ ಹಾಕುತ್ತಾನೆ, ಬಡಗಿನವನು ಮಂಡಿ ತಿರುಗುತ್ತಾನೆ. ಇಲ್ಲೂ ಹಾಗೆಯೇ. ಸ್ಟ್ರೀಟ್ ಫೈಟರ್‌ನ ರ್‍ಯೂ ತನ್ನ ಹಳೆಯ ಮನೆಯ ಕ್ರಮವನ್ನೇ ತಂದಿದ್ದಾನೆ: ಸ್ಟಿಕ್ಕನ್ನು ಕೆಳಗಿನಿಂದ ಮುಂದಕ್ಕೆ ತಿರುಗಿಸಿ ಗುದ್ದಿದರೆ ಅದೇ ಹದೋಕೆನ್ ಇನ್ನೂ ಜೋರಾಗಿ ಬರುತ್ತದೆ, ಒಬ್ಬರಿಗೊಬ್ಬರು ಆಡುವಾಗ ಯಾವಾಗಲೂ ಎದುರಾಳಿಯ ಕಡೆಗೇ ಮುಖ ಮಾಡಿ ನಿಲ್ಲುತ್ತಾನೆ. ಮೈನ್‌ಕ್ರಾಫ್ಟ್‌ನ ಸ್ಟೀವ್ ಹೊಡೆದಾಟದ ನಡುವೆ ನೆಲ ಅಗೆದು ಕಬ್ಬಿಣ ತೆಗೆದು ಕತ್ತಿ ಮಾಡಿಕೊಳ್ಳುತ್ತಾನೆ. ಡ್ರ್ಯಾಗನ್ ಕ್ವೆಸ್ಟ್‌ನ ಹೀರೋ ಮಂತ್ರಗಳ ಪಟ್ಟಿ ತೆರೆದು ಓದುತ್ತಾ ನಿಲ್ಲುತ್ತಾನೆ. ತೊಂಬತ್ತರ ದಶಕದಲ್ಲಿ ಮಾರಿಯೋಗೆ ಎದುರು ಕಂಪನಿಯ ನಾಯಕನಾಗಿದ್ದ ಸೋನಿಕ್ 2008ರಿಂದ ಇಲ್ಲೇ ಇದ್ದಾನೆ. ಇವರೆಲ್ಲ ನೋಡಲು ಚಂದ, ಮೊದಲ ದಿನ ಕೈಗೆ ತೆಗೆದುಕೊಳ್ಳಲು ಅಲ್ಲ. ಸ್ಟೀವ್‌ನನ್ನು ಹಿಡಿದ ಹೊಸಬರು ಇಡೀ ಪಂದ್ಯ ಮಣ್ಣು ಅಗೆಯುತ್ತಾ ಕೂತದ್ದನ್ನು ನೋಡಿದ್ದೇನೆ.

"ನಿಮಗೆ ಯಾರು ಇಷ್ಟವೋ ಅವರನ್ನೇ ತಗೊಳ್ಳಿ" ಎನ್ನುವ ಉತ್ತರವೂ ಇದೆ, ಹೆಚ್ಚಿನವರು ಅದನ್ನೇ ಕೊಡುತ್ತಾರೆ. ಕೇಳಲು ಉದಾರವಾಗಿದೆ, ಆದರೆ ಅದು ಉತ್ತರವೇ ಅಲ್ಲ. ಗೊತ್ತಿಲ್ಲ ಅಂತ ಕೇಳಿದವರನ್ನು ಅವರ ಪಾಡಿಗೆ ಬಿಟ್ಟ ಹಾಗೆ.

ಕರ್ಬಿ ಎಂಬ ನನ್ನ ಉತ್ತರಕ್ಕೆ ನಾನು ಒಮ್ಮೆ ಮಾತ್ರ ವಿನಾಯಿತಿ ಕೊಟ್ಟಿದ್ದೇನೆ. ಘಾಟ್‌ಕೋಪರ್‌ನ ಭಾವ ಬೆಳಿಗ್ಗೆ ಐದಕ್ಕೆ ಎದ್ದು ಯೋಗ ಮಾಡುವವರು. ವೀಡಿಯೊ ಗೇಮ್ ಅಂದರೆ ಮುಖ ತಿರುಗಿಸುತ್ತಿದ್ದರು. ಅವರಿಗೆ ವೀ ಫಿಟ್ ಟ್ರೇನರ್‌ನನ್ನು ತೋರಿಸಿದೆ. ಬೆಳ್ಳಗಿನ ಮೈಯ ವ್ಯಾಯಾಮದ ಟೀಚರ್, ಹೊಡೆಯುವುದು ಹೆಚ್ಚಾಗಿ ಆಸನ ಹಾಕಿಯೇ. ಸುಮ್ಮನೆ ಬಿ ಒತ್ತಿದರೆ ಸೂರ್ಯ ನಮಸ್ಕಾರ, ಆಟದಲ್ಲೂ ಅದಕ್ಕೆ ಅದೇ ಹೆಸರು. ಎರಡು ಕೈ ನಡುವೆ ಬೆಳಕಿನ ಗೋಳ ಬೆಳೆದು ಹಾರುತ್ತದೆ. ಕೆಳಕ್ಕೆ ಒತ್ತಿ ಬಿ ಹೊಡೆದರೆ ದೀರ್ಘ ಉಸಿರಾಟ. ಭಾವ ಮೂರು ಪಂದ್ಯ ಸೋತರು, ಪ್ರತಿ ಸಲವೂ ಟೀಚರ್‌ನ ಬೆನ್ನು ನೆಟ್ಟಗಿಲ್ಲ ಎಂದು ದೂರಿದರು. ಈಗ ಅವರೇ ಫೋನ್ ಮಾಡುತ್ತಾರೆ, "ಈ ಭಾನುವಾರ ರೈಲಿನ ಮೆಗಾ ಬ್ಲಾಕ್ ಇಲ್ಲವಲ್ಲ?" ಅಂತ.

ಕರ್ಬಿಯ ಜೊತೆಗೆ ಇನ್ನೊಂದು ಸಣ್ಣ ಕೆಲಸ ಮಾಡಿಕೊಡುತ್ತೇನೆ. ಸ್ಟಿಕ್ಕನ್ನು ಮೇಲಕ್ಕೆ ತಳ್ಳಿದರೂ ಪಾತ್ರ ನೆಗೆಯುತ್ತದೆ, ಹೊಸಬರು ಮೇಲ್‌ಹಾರಿಕೆಗೆ ಹೋಗಿ ಇದ್ದ ನೆಗೆತವನ್ನು ಕಳೆದುಕೊಳ್ಳುವುದು ಇದರಿಂದಲೇ. ಸೆಟ್ಟಿಂಗ್ಸ್‌ನಲ್ಲಿ ಅವರ ಹೆಸರಿನಲ್ಲಿ ಒಂದು ಗುರುತು ಮಾಡಿ ಈ ಸ್ಟಿಕ್ಕಿನ ನೆಗೆತವನ್ನು ಆಫ್ ಮಾಡಿಬಿಟ್ಟರೆ ಅರ್ಧ ಕಷ್ಟ ಕಡಿಮೆ. ಆಮೇಲೆ ಬಾಂಬು, ಸುತ್ತಿಗೆಗಳು ಮೇಲಿನಿಂದ ಬೀಳಬೇಕೋ ಬೇಡವೋ ಅನ್ನುವ ಜಗಳ ಇದ್ದೇ ಇದೆ. ತಮ್ಮನ ಮಗನಿಗೆ ಬೇಡ, ನನಗೆ ಬೇಕು, ಮನೆ ನನ್ನದು.

ಅಮ್ಮ ಊರಿಗೆ ಹೊರಡುವ ಹಿಂದಿನ ಭಾನುವಾರ ಅವರ ಕೈಗೂ ಕಂಟ್ರೋಲರ್ ಕೊಟ್ಟೆವು. ಅವರು ಯಾರನ್ನ ತಗೊಳ್ಳಲಿ ಅಂತ ಕೇಳಲೇ ಇಲ್ಲ. "ಗುಂಡ್ ಗುಂಡ್ಗೆ ಇತ್ತಲೆ, ಅದೇ ಸಾಕ್" ಅಂದರು. ಐದು ನೆಗೆತದ ಪಾಠ ಹೇಳಿಕೊಟ್ಟೆ. ಅದೊಂದೂ ಅವರ ತಲೆಗೆ ಹೋಗಲಿಲ್ಲ. ಅವರಿಗೆ ಸಿಕ್ಕಿದ್ದು ಕೆಳಕ್ಕೆ ಒತ್ತಿ ಬಿ ಹೊಡೆದರೆ ಕರ್ಬಿ ಕಲ್ಲಾಗಿ ದೊಪ್ಪನೆ ಬೀಳುತ್ತಾನೆ ಅನ್ನುವುದು. ಪಂದ್ಯವಿಡೀ ಕಲ್ಲು, ಕಲ್ಲು, ಕಲ್ಲು. ನಾನೂ ಭಾವನೂ ಹೋದೆವು. ಉಳಿದದ್ದು ಅಜ್ಜಿ, ಮೊಮ್ಮಗ, ಇಬ್ಬರಿಗೂ ಒಂದೊಂದೇ ಜೀವ. ಹುಡುಗ ಹಿಡಿದಿದ್ದ ಪಾತ್ರ, ಕತ್ತಿಯ ಕ್ಲೌಡ್, ಅಂಚಿನಾಚೆಯಿಂದ ಹತ್ತಿ ಬರುತ್ತಿದ್ದ, ಎಲ್ಲ ಲೆಕ್ಕ ಹಾಕಿ, ನಾನು ಹೇಳಿಕೊಟ್ಟ ಕ್ರಮದಲ್ಲೇ. ಅಮ್ಮ ಅವನ ತಲೆಯ ಮೇಲೆ ಎಲ್ಲೋ ಗಾಳಿಯಲ್ಲಿದ್ದರು. ಒತ್ತಿದರು. ಕಲ್ಲು ಕ್ಲೌಡ್‌ನ ನೆತ್ತಿಗೆ ಬಡಿದು ಇಬ್ಬರೂ ಹೊಂಡಕ್ಕೆ ಹೋದರು. ಕೆಳಗಿದ್ದವನು ಒಂದು ಗಳಿಗೆ ಮೊದಲು ಸತ್ತ.

ಗೆದ್ದವರ ಪರದೆ ಬಂತು. ಮುಂದೆ ಕರ್ಬಿ ಕುಣಿಯುತ್ತಿದ್ದ, ಸೋತ ನಾವು ಮೂವರೂ ಹಿಂದೆ ಸಾಲಾಗಿ ನಿಂತು ಚಪ್ಪಾಳೆ ಹೊಡೆಯುತ್ತಿದ್ದೆವು. ತಮ್ಮನ ಮಗ ಕಂಟ್ರೋಲರ್ ಚಾಪೆಗೆ ಹಾಕಿ ಗೋಡೆ ಕಡೆ ತಿರುಗಿ ಕೂತ. ಅಮ್ಮ ಕನ್ನಡಕ ಸರಿಮಾಡಿಕೊಂಡು ಪರದೆಯ ಕ್ಲೌಡ್‌ನನ್ನು ನೋಡಿದರು, ಅವನನ್ನು ನೋಡಿದರು. "ಹೋಯ್, ಅಲ್ ಚಪ್ಪಾಳೆ ಹೊಡಿತಾ ಇದ್ದೆ, ಇಲ್ ಎಂತಕ್ ಮೋರೆ ಬಾಡ್ಸ್ಕಂಡೆ?"