ಟೆಸ್ಟೋಸ್ಟಿರೋನ್ ರಿಪೋರ್ಟಿನಲ್ಲಿ ಮೊದಲು ಗಂಟೆ ನೋಡಿ

ಸುಸ್ತೆಂದು ಟೆಸ್ಟೋಸ್ಟಿರೋನ್ ಪರೀಕ್ಷೆಗೆ ಹೊರಟು, ಕಾಸರಗೋಡಿನ ಪೆರ್ಲದಿಂದಲೋ ಮುಳ್ಳೇರಿಯದಿಂದಲೋ ಬಸ್ಸು ಹತ್ತಿ, ದಾರಿಯಲ್ಲಿ ಇಡ್ಲಿ, ಚಾ ಮುಗಿಸಿ, ಮಂಗಳೂರಿನ ಲ್ಯಾಬಿನಲ್ಲಿ ಹನ್ನೊಂದೂವರೆಗೆ ಕೈ ಚಾಚಿದರೆ ಬರುವ ಅಂಕೆಯನ್ನು ನಂಬುವುದು ಕಷ್ಟ. ಗಂಡಸರ ಹಾರ್ಮೋನಾದ ಈ ಟೆಸ್ಟೋಸ್ಟಿರೋನ್ ಬೆಳಗ್ಗೆ ಏರಿರುತ್ತದೆ, ಹೊತ್ತು ಏರಿದಂತೆ ಇಳಿಯುತ್ತದೆ. ತಿಂಡಿ ತಿಂದರೆ ಇನ್ನಷ್ಟು ಇಳಿಯುತ್ತದೆ. ಹಾಗಾಗಿ ರಿಪೋರ್ಟು ಕೈಗೆ ಬಂದಾಗ ದಪ್ಪಕ್ಷರದ ಅಂಕೆಗಿಂತ ಮೊದಲು ರಕ್ತ ತೆಗೆದ ಹೊತ್ತನ್ನು ನೋಡಿ. ಅದು ಮೂಲೆಯಲ್ಲಿ ಸಣ್ಣದಾಗಿ ಇರುತ್ತದೆ. ರಿಪೋರ್ಟು ತಯಾರಾದ ಹೊತ್ತು ಬೇರೆ, ಅದರೊಂದಿಗೆ ಕಲಸಿಕೊಳ್ಳಬೇಡಿ. ಖಾಲಿ ಹೊಟ್ಟೆಯಲ್ಲಿ, 7ರಿಂದ 10 ಗಂಟೆಯೊಳಗೆ ಕೊಟ್ಟ ರಕ್ತವಾದರೆ ಮಾತ್ರ ಮುಂದಿನ ಲೆಕ್ಕ. ಮಂಗಳೂರಿಗೇ ಹೋಗಬೇಕೆಂದಿಲ್ಲ, ಹತ್ತಿರದ ಪೇಟೆಯ ಕಲೆಕ್ಷನ್ ಸೆಂಟರಿನಲ್ಲಿ ಎಂಟಕ್ಕೆ ಕೊಟ್ಟರೂ ಆದೀತು.

ಒಂದು ಸಲ ಕಡಿಮೆ ಬಂದರೆ ಇನ್ನೊಂದು ದಿನ ಬೆಳಗ್ಗೆ ಮತ್ತೆ ಮಾಡಿಸಲೇಬೇಕು. ಡೆಂಗಿ, ಇಲಿಜ್ವರ ಬಂದು ಎದ್ದವರು ಕೆಲವು ವಾರ ಕಾಯುವುದು ಒಳ್ಳೆಯದು, ಯಾವ ದೊಡ್ಡ ಕಾಯಿಲೆಯೂ ಈ ಹಾರ್ಮೋನನ್ನು ತಾತ್ಕಾಲಿಕವಾಗಿ ಕುಗ್ಗಿಸುತ್ತದೆ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಲ್ಯಾಬಿನವರಿಗೂ ಡಾಕ್ಟರಿಗೂ ಹೇಳಿ. ಕೆಲವು ಯಂತ್ರಗಳಲ್ಲಿ ಅದು ಟೆಸ್ಟೋಸ್ಟಿರೋನನ್ನು ಸುಳ್ಳೇ ಹೆಚ್ಚು ತೋರಿಸುತ್ತದೆ, ಥೈರಾಯಿಡ್ ಪರೀಕ್ಷೆಯ ಟಿಎಸ್‌ಎಚ್ ಅನ್ನು ಸುಳ್ಳೇ ಕಡಿಮೆ ತೋರಿಸುತ್ತದೆ.

ಇನ್ನು ಅಳತೆಯ ಮಾನ. ಒಂದು ಲ್ಯಾಬ್ 271 ಎನ್ನುತ್ತದೆ, ಇನ್ನೊಂದು 2.71, ಗಲ್ಫಿನಿಂದ ತಂದ ರಿಪೋರ್ಟು 9.4. ಗಾಬರಿ ಬೇಡ, ಮೂರೂ ಒಂದೇ. ಮೊದಲನೆಯದು ಡೆಸಿಲೀಟರಿಗೆ ನ್ಯಾನೋಗ್ರಾಂ, ಎರಡನೆಯದು ಮಿಲಿಲೀಟರಿಗೆ ನ್ಯಾನೋಗ್ರಾಂ, ಮೂರನೆಯದು ಲೀಟರಿಗೆ ನ್ಯಾನೋಮೋಲ್. ನ್ಯಾನೋಮೋಲನ್ನು 28.8ರಿಂದ ಗುಣಿಸಿದರೆ ಮೊದಲನೆಯದು ಸಿಗುತ್ತದೆ. 19ರಿಂದ 39 ವರ್ಷದ, ಬೊಜ್ಜಿಲ್ಲದ ಗಂಡಸರಲ್ಲಿ 264ರಿಂದ 916ರ ವರೆಗೆ ಸಹಜ ಎಂದು ಅಮೆರಿಕದ ಎಂಡೋಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿ ಹೇಳುತ್ತದೆ. ಅಲ್ಲಿನ ಮೂತ್ರಾಂಗ ತಜ್ಞರ ಸಂಘ 300ಕ್ಕಿಂತ ಕೆಳಗಿನದನ್ನು ಕಡಿಮೆ ಎನ್ನುತ್ತದೆ.

ಆದರೆ ಈ ಒಟ್ಟು ಅಂಕೆಯೇ ದಾರಿ ತಪ್ಪಿಸುವುದು ಹೆಚ್ಚು. ರಕ್ತದಲ್ಲಿರುವ ಟೆಸ್ಟೋಸ್ಟಿರೋನಿನ ಬಹುಪಾಲು ಎಸ್‌ಎಚ್‌ಬಿಜಿ ಮತ್ತು ಅಲ್ಬುಮಿನ್ ಎಂಬ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ, ಬಿಡಿಯಾಗಿ ಓಡಾಡುವುದು ನೂರಕ್ಕೆ ಎರಡರಷ್ಟು. ಬೊಜ್ಜು, ಸಕ್ಕರೆ ಕಾಯಿಲೆ ಇದ್ದರೆ ಎಸ್‌ಎಚ್‌ಬಿಜಿ ಇಳಿಯುತ್ತದೆ, ಅದರೊಡನೆ ಒಟ್ಟು ಅಂಕೆಯೂ. ವಯಸ್ಸು, ಲಿವರ್ ತೊಂದರೆ, ಥೈರಾಯಿಡ್ ಹೆಚ್ಚಳ, ಫೆನಿಟಾಯಿನಿನಂಥ ಅಪಸ್ಮಾರದ ಮಾತ್ರೆ ಅದನ್ನು ಏರಿಸುತ್ತವೆ. ಲೆಕ್ಕ ಹಾಕಿ ನೋಡಿ: ಹೊಟ್ಟೆ ಬಂದ, ಸಕ್ಕರೆ ಇರುವ ಒಬ್ಬರಿಗೆ ಒಟ್ಟು 250, ಎಸ್‌ಎಚ್‌ಬಿಜಿ ಲೀಟರಿಗೆ 14 ನ್ಯಾನೋಮೋಲ್. ಕಡಿಮೆ ಎಂದು ಕೆಂಪಕ್ಷರ ಬಿದ್ದಿರುತ್ತದೆ, ಆದರೂ ಬಿಡಿ ಟೆಸ್ಟೋಸ್ಟಿರೋನ್, ಕೊರತೆಯ ಗೆರೆಯೆಂದು ಸಾಮಾನ್ಯವಾಗಿ ಹಿಡಿಯುವ ಲೀಟರಿಗೆ 220 ಪಿಕೋಮೋಲಿಗಿಂತ ಮೇಲೆಯೇ ನಿಲ್ಲುತ್ತದೆ. ಎಪ್ಪತ್ತರ ತೆಳ್ಳನೆಯವರಿಗೆ ಒಟ್ಟು 420, ಎಸ್‌ಎಚ್‌ಬಿಜಿ 85. ರಿಪೋರ್ಟು ನಾರ್ಮಲ್ ಎನ್ನುತ್ತದೆ, ಬಿಡಿ ಮಾತ್ರ ಸುಮಾರು 150. ಈ ಬಿಡಿ ಅಂಕೆಯನ್ನು ಒಟ್ಟು, ಎಸ್‌ಎಚ್‌ಬಿಜಿ, ಅಲ್ಬುಮಿನ್ ಈ ಮೂರರಿಂದ ಲೆಕ್ಕ ಹಾಕಿಸಬೇಕು. ಅಗ್ಗದ ಪ್ಯಾಕೇಜಿನಲ್ಲಿ ನೇರವಾಗಿ ಅಳೆದು ಕೊಡುವ ಫ್ರೀ ಟೆಸ್ಟೋಸ್ಟಿರೋನನ್ನು ನಂಬಬಾರದು.

ಎರಡು ಸಲವೂ ಕಡಿಮೆ ಬಂತೆಂದಾದರೆ ಎಲ್‌ಎಚ್ ಪರೀಕ್ಷೆ ಬೇಕು, ವೃಷಣಕ್ಕೆ ಟೆಸ್ಟೋಸ್ಟಿರೋನ್ ಮಾಡು ಎಂದು ಪಿಟ್ಯೂಟರಿ ಗ್ರಂಥಿ ಕಳಿಸುವ ಹಾರ್ಮೋನು ಅದು. ಅದು ಏರಿದ್ದರೆ ತೊಂದರೆ ವೃಷಣದಲ್ಲಿ, ಕೆಪ್ಪಟರಾಯ (ಮಂಗನಬಾವು) ಬಂದು ಅಲ್ಲಿಗೆ ಇಳಿದಿದ್ದರೂ ಹೀಗಾಗಬಹುದು. ಎಲ್‌ಎಚ್ ಕಡಿಮೆ ಇದ್ದರೆ, ಅಥವಾ ನಾರ್ಮಲ್ ಎಂದೇ ಬರೆದಿದ್ದರೂ, ಮೆದುಳಿನ ಬುಡದ ಪಿಟ್ಯೂಟರಿ ಸುಮ್ಮನಿದೆ ಎಂದರ್ಥ. ಆಗ ಪಿಟ್ಯೂಟರಿಯದೇ ಇನ್ನೊಂದು ಹಾರ್ಮೋನಾದ ಪ್ರೊಲ್ಯಾಕ್ಟಿನ್ ನೋಡಬೇಕು. ಇಲ್ಲೊಂದು ಮಾತು: ತಿಂಗಳುಗಟ್ಟಲೆ ನುಂಗುವ ಗ್ಯಾಸಿನ ಮಾತ್ರೆಯ ಪೊಟ್ಟಣ ತಿರುಗಿಸಿ ಓದಿ. ಡೋಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಸೇರಿದ್ದರೆ ಪ್ರೊಲ್ಯಾಕ್ಟಿನ್ ಏರುತ್ತದೆ, ಟೆಸ್ಟೋಸ್ಟಿರೋನ್ ಇಳಿಯುತ್ತದೆ. ಡಾಕ್ಟರನ್ನು ಕೇಳಿ ಮೂರು ದಿನ ಬಿಟ್ಟು ಮತ್ತೆ ಅಳೆಸಿದರೆ ಗೊತ್ತಾಗುತ್ತದೆ. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ, ಅವನ್ನು ಮಾತ್ರ ಸ್ವಂತಕ್ಕೆ ನಿಲ್ಲಿಸಬೇಡಿ. ಒಟ್ಟು ಅಂಕೆ 150ಕ್ಕಿಂತ ಕೆಳಗಿದ್ದು ಎಲ್‌ಎಚ್ ಏರದಿದ್ದರೆ, ಇಲ್ಲವೇ ತಲೆನೋವಿನ ಜೊತೆ ಬದಿಯ ದೃಷ್ಟಿ ಕುಗ್ಗಿದ್ದರೆ ತಡಮಾಡದೆ ತಜ್ಞರ ಬಳಿ ಹೋಗಬೇಕು.

ಕಾಸರಗೋಡಿನ ಎಣ್ಮಕಜೆ ಕಡೆಯವರಿಗೆ ಎಂಡೋಸಲ್ಫಾನಿನ ಅನುಮಾನ ಬರುವುದು ಸಹಜ. ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸುರಿದ ಕೀಟನಾಶಕ ವಿಷ ಅದು. ಅಲ್ಲಿನ ಪಡ್ರೆಯ ಶಾಲಾ ಹುಡುಗರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಷಕ್ಕೆ ಒಡ್ಡಿಕೊಂಡವರಲ್ಲಿ ಟೆಸ್ಟೋಸ್ಟಿರೋನ್ ಕಡಿಮೆಯೂ ಎಲ್‌ಎಚ್ ಹೆಚ್ಚೂ ಕಂಡಿತ್ತು. ಬಾಲ್ಯ ಅಲ್ಲಿ ಕಳೆದಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಆದರೆ ಇವತ್ತಿನ ಸುಸ್ತಿಗೆ ಅದೇ ಕಾರಣವೆಂದು ಒಂದು ರಿಪೋರ್ಟಿನಿಂದ ತೀರ್ಮಾನಿಸಲಾಗದು.

ಏಕೆಂದರೆ ಬರೀ ಸುಸ್ತು ಟೆಸ್ಟೋಸ್ಟಿರೋನ್ ಕೊರತೆಯ ಗುರುತಲ್ಲ. ಬೆಳಗಿನ ಉದ್ರೇಕ ನಿಂತಿರುವುದು, ಆಸೆ ಕುಗ್ಗಿರುವುದು, ಇವೇ ಹೆಚ್ಚು ನಂಬಬಹುದಾದ ಲಕ್ಷಣಗಳು. ಅವಿಲ್ಲದೆ ಬರೀ ಮೈ ಬಚ್ಚುತ್ತಿದ್ದರೆ ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ದಾಸ್ತಾನು), ಬಿ12, ಟಿಎಸ್‌ಎಚ್, ಎಚ್‌ಬಿಎ1ಸಿ (ಸಕ್ಕರೆಯ ಸರಾಸರಿ), ಕ್ರಿಯಾಟಿನಿನ್ (ಕಿಡ್ನಿ), ಲಿವರ್ ಪರೀಕ್ಷೆ ಮೊದಲು. ಗಂಡಸರಿಗೆ ಹಿಮೋಗ್ಲೋಬಿನ್ 13ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಅಡಿಕೆ ತೋಟದ ಹಸಿ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳ ಹತ್ತಿ ಕಬ್ಬಿಣ ಸೋರಿಹೋಗುವುದುಂಟು, ಮೂಲವ್ಯಾಧಿಯ ರಕ್ತವೂ ಹಾಗೆಯೇ. ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ ಎಂದು ಹೆಂಡತಿಯನ್ನು ಕೇಳಿ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬಿಪಿ ಮಾತ್ರೆಗಳೂ ಆಯಾಸ ತರುತ್ತವೆ. ಕೆಮ್ಮು, ಸಂಜೆ ಜ್ವರ, ತೂಕ ಇಳಿತ ಇದ್ದರೆ ಕಫ ಪರೀಕ್ಷೆ ಆಗಲಿ.

ಮಕ್ಕಳು ಬೇಕೆಂದಿರುವವರು ಟೆಸ್ಟೋಸ್ಟಿರೋನ್ ಸೂಜಿ ಚುಚ್ಚಿಸಿಕೊಳ್ಳಬಾರದು. ಹೊರಗಿನಿಂದ ಬಂದದ್ದನ್ನು ಕಂಡು ಪಿಟ್ಯೂಟರಿ ಎಲ್‌ಎಚ್ ಕಳಿಸುವುದನ್ನೇ ನಿಲ್ಲಿಸುತ್ತದೆ, ವೀರ್ಯಾಣು ಸೊನ್ನೆಗೆ ಬರಬಹುದು. ಜಿಮ್ಮಿನಲ್ಲಿ ಸಿಗುವ ಸೂಜಿಯೂ ಇದನ್ನೇ ಮಾಡುತ್ತದೆ. ಬಿಟ್ಟ ಮೇಲೆ ಚೇತರಿಸಲು ತಿಂಗಳುಗಳು ಬೇಕು. ಡಾಕ್ಟರೇ ಶುರುಮಾಡಿದ್ದರೆ ಮೂರರಿಂದ ಆರು ತಿಂಗಳೊಳಗೆ ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಅಳೆಸಿ, ನೂರಕ್ಕೆ 54 ದಾಟಿದ್ದರೆ ಮುಂದಿನ ಸೂಜಿಗೆ ಮೊದಲೇ ಅವರಿಗೆ ತೋರಿಸಿ.