ಅಮ್ಮ ಮತ್ತು ನಾಲ್ಕು ರಾಟೆ

ಭಾನುವಾರ ಮನೆಮಂದಿಯೆಲ್ಲಾ ಬೆಂಗಳೂರಿನ ಕಸ್ತೂರ್ಬಾ ರೋಡಲ್ಲಿರೋ ವಿಶ್ವೇಶ್ವರಯ್ಯ ಸೈನ್ಸ್ ಮ್ಯೂಸಿಯಂಗೆ ಹೋಗಿದ್ವಿ. ನಾನು ಅಲ್ಲಿಗೆ ಮೊದಲು ಹೋಗಿದ್ದು ಸ್ಕೂಲ್ ಟ್ರಿಪ್ಪಲ್ಲಿ, ಆಗ ಮುಂದೆ ಇದ್ದವಳ ಭುಜ ಹಿಡ್ಕೊಂಡು ಲೈನಲ್ಲಿ ನಡೆದಿದ್ದೇ ಜಾಸ್ತಿ, ಒಂದು ಹ್ಯಾಂಡಲ್ ಕೂಡ ಸರಿಯಾಗಿ ತಿರುಗಿಸಿರ್ಲಿಲ್ಲ. ಅದಕ್ಕೇ ಈ ಸಲ ಮಗಳಿಗೆ ಹೇಳಿಬಿಟ್ಟಿದ್ದೆ, ಎಲ್ಲಾ ನೋಡ್ಬೇಕು ಅಂತೇನಿಲ್ಲ, ಇಷ್ಟ ಆಗಿದ್ದರ ಹತ್ರ ಎಷ್ಟೊತ್ತು ಬೇಕಾದ್ರೂ ನಿಂತ್ಕೋ ಅಂತ.

ಮೆಟ್ರೋದಲ್ಲಿ ಕಬ್ಬನ್ ಪಾರ್ಕ್ ಸ್ಟೇಷನ್ನಿಗೆ ಬಂದು ಅಲ್ಲಿಂದ ನಡ್ಕೊಂಡೇ ಹೋದ್ವಿ. ಅಮ್ಮ ದಾರಿಯುದ್ದಕ್ಕೂ ಒಂದೇ ಮಾತು, ನಾನು ಓದಿರೋದು ನಾಲ್ಕನೇ ಕ್ಲಾಸು, ಅಲ್ಲಿ ನಂಗೇನ್ ತಿಳಿಯತ್ತೆ, ಪಾರ್ಕಲ್ಲಿ ಕೂತಿರ್ತೀನಿ ನೀವು ಹೋಗ್ಬನ್ನಿ ಅಂತ. ಹೊರಗಡೆ ನಿಲ್ಲಿಸಿರೋ ಮಾರುತ್ ಯುದ್ಧವಿಮಾನ ತೋರಿಸಿ, ಇದು ನಮ್ಮ ಬೆಂಗಳೂರಲ್ಲೇ, ಎಚ್‌ಎಎಲ್‌ನಲ್ಲಿ ಆಗಿದ್ದು, 1961ರಲ್ಲಿ ಮೊದಲು ಹಾರಿದ್ದು ಅಂತ ಹೇಳ್ತಾ ಹೇಳ್ತಾ ಹೇಗೋ ಒಳಗೆ ಕರ್ಕೊಂಡು ಹೋದೆ.

ರಾಟೆಗಳ ಹತ್ರ ಅಮ್ಮ ತಾವಾಗೇ ನಿಂತ್ಬಿಟ್ರು.

ಒಂದೇ ತೂಕ, ಒಂದು ಕಡೆ ಒಂದು ರಾಟೆ, ಇನ್ನೊಂದು ಕಡೆ ನಾಲ್ಕು. ಮಗಳು ನಾಲ್ಕರದ್ದು ಎಳೆದು, ಅಜ್ಜಿ ಇದು ಎಷ್ಟ್ ಹಗುರ ನೋಡು ಅಂತ ಕುಣಿದ್ಲು. ಅಮ್ಮ ಸೆರಗು ಸಿಕ್ಕಿಸ್ಕೊಂಡು ಎರಡನ್ನೂ ಎಳೆದ್ರು, ನಿಧಾನಕ್ಕೆ, ಒಂದಾದ್ಮೇಲೆ ಒಂದು. ಆಮೇಲೆ ಹೇಳಿದ್ರು, "ಹಗುರ ಏನೋ ನಿಜ, ಆದ್ರೆ ಹಗ್ಗ ನೋಡು, ಎಷ್ಟುದ್ದ ಎಳೀಬೇಕು. ನಮ್ಮೂರಿನ ಐವತ್ತಡಿ ಬಾವಿಗೆ ಇದನ್ನ ಹಾಕಿದ್ರೆ ಒಂದು ಬಿಂದಿಗೆ ನೀರಿಗೆ ಇನ್ನೂರಡಿ ಸೇದ್ಬೇಕು."

ನಂಗೆ ಮೈ ಜುಮ್ಮಂತು. ಬಲ ನಾಲ್ಕನೇ ಒಂದು ಭಾಗ ಸಾಕು ಅಂದ್ರೆ ದೂರ ನಾಲ್ಕು ಪಟ್ಟು, ಮಾಡೋ ಕೆಲಸ ಅಷ್ಟೇ ಇರತ್ತೆ, ನಾನು ಎಂಟನೇ ಕ್ಲಾಸಲ್ಲಿ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ದು ಅದೇ, ಆದ್ರೆ ನನ್ನ ಕೈಗೆ ಅದು ಗೊತ್ತೇ ಇರ್ಲಿಲ್ಲ, ಇಪ್ಪತ್ತು ವರ್ಷ ನೀರು ಸೇದಿರೋ ಅಮ್ಮನ ಕೈಗೆ ಒಂದೇ ಎಳೆತಕ್ಕೆ ತಿಳೀತು. ಹಾಗಾದ್ರೆ ಬಾವಿಗೆ ಒಂದು ರಾಟೆ ಯಾಕೆ ಹಾಕ್ತಾರೆ, ಭಾರ ಕಮ್ಮಿ ಆಗಲ್ವಲ್ಲ ಅಂತ ಮಗಳು ಕೇಳಿದ್ಲು. ಬಗ್ಗಿ ಮೇಲಕ್ಕೆತ್ತೋ ಬದಲು ನಿಂತು ಕೆಳಗೆ ಎಳೀಬಹುದು, ಮೈಭಾರಾನೂ ಜೊತೆಗೆ ಬರತ್ತೆ, ಅಂದ್ರು ಅಮ್ಮ. ಪಕ್ಕದಲ್ಲಿ ನಿಂತಿದ್ದ ಬೇರೆ ಮಕ್ಕಳೂ ಕೇಳಿಸ್ಕೊಳ್ತಾ ಇದ್ವು.

ಇಂಜಿನ್ ಹಾಲು, ರೈಟ್ ಸಹೋದರರ ವಿಮಾನದ ಮಾದರಿ, ಡೈನೋಸಾರ್ ಎಲ್ಲಾ ನೋಡಿದ್ವಿ. ಆದ್ರೆ ಮಗಳನ್ನ ಹಿಡಿದು ನಿಲ್ಲಿಸಿದ್ದು ಇಳಿಜಾರಲ್ಲಿ ಮೇಲಕ್ಕೆ ಉರುಳೋ ಜೋಡಿ ಶಂಕು, ಅಂದ್ರೆ ಅಗಲದ ಕಡೆ ಒಂದಕ್ಕೊಂದು ಸೇರಿಸಿದ ಎರಡು ಕೋನ್. ಎರಡು ಕಂಬಿ ಮೇಲಕ್ಕೆ ಹೋಗ್ತಾ ಹೋಗ್ತಾ ಅಗಲ ಆಗತ್ತೆ, ಶಂಕು ಅವುಗಳ ಮಧ್ಯೆ ಕೆಳಗೆ ಕೂರ್ತಾ ಬರತ್ತೆ, ಅಂದ್ರೆ ಕಣ್ಣಿಗೆ ಹತ್ತಿದ ಹಾಗೆ ಕಂಡ್ರೂ ಅದರ ನಡುಭಾಗ ಇಳೀತಾನೇ ಇರತ್ತೆ. ಅವಳು ನಂಬ್ಲಿಲ್ಲ. ಬಗ್ಗಿ ಪಕ್ಕದಿಂದ ಕಣ್ಣಿಟ್ಟು ಎಷ್ಟು ಸಲ ನೋಡಿದ್ಲೋ.

ರಾತ್ರಿ ಮನೆಗೆ ಬಂದು ಅಡುಗೆಮನೆಯ ಎರಡು ಆಲಿಕೆ ಬಾಯಿಗೆ ಬಾಯಿ ಸೇರಿಸಿ ಟೇಪ್ ಸುತ್ತಿದ್ವಿ, ಎರಡು ಉದ್ದನೆ ಕೋಲನ್ನ ವಿ ಆಕಾರದಲ್ಲಿಟ್ಟು ಅಗಲದ ಕಡೆ ಕೆಳಗೆ ಪುಸ್ತಕ ಕೊಟ್ವಿ. ಮೊದಲು ಉರುಳ್ಲಿಲ್ಲ. ಒಂದು ಪುಸ್ತಕ ತೆಗೆದ್ವಿ, ಉರುಳ್ತು. ಮಗಳು ಸ್ಕೇಲ್ ಹಿಡಿದು ನಡುಭಾಗದ ಎತ್ತರ ಅಳೀತಾ ಇದ್ರೆ ಅಮ್ಮ ಪಕ್ಕದಲ್ಲೇ ಕನ್ನಡಕ ಹಾಕ್ಕೊಂಡು ಕೂತು, ಇನ್ನೊಂದ್ಸಲ ಬಿಡೇ, ಸರಿಯಾಗಿ ನೋಡ್ತೀನಿ ಅಂದ್ರು.